ರೊಟ್ಟಿಯ ಸದ್ದಿಗೊಂದು ಬಾಡಿಗೆ ಮನೆ

ಬೆಂಗಳೂರಿನ ಪೂರ್ವ ಭಾಗದಲ್ಲಿ ಬಾಡಿಗೆ ಮನೆ ಹುಡುಕುವವರಿಗೆ ಮಾಲೀಕರು ಹಾಕುವ ಪ್ರಶ್ನೆಗಳನ್ನೆಲ್ಲ ದಾರಕ್ಕೆ ಪೋಣಿಸಿದರೆ ಹಲಸೂರು ಕೆರೆಗೆ ಮೂರು ಸುತ್ತು ಸುತ್ತಿ, ಗಂಟು ಹಾಕಲು ಇನ್ನೂ ಒಂದು ಮಾರು ಉಳಿಯುತ್ತದೆ. ಎಷ್ಟು ಜನ ಇದ್ದೀರಿ? ಮಾಂಸ ಬೇಯಿಸುತ್ತೀರಾ? ನೆಂಟರು ಬರುತ್ತಾರಾ? ಬಂದರೆ ಹೋಗುತ್ತಾರಾ? ಗೋಡೆಗೆ ಮೊಳೆ ಹೊಡೆಯುತ್ತೀರಾ? ರಾತ್ರಿ ಕೆಮ್ಮುತ್ತೀರಾ? ಇಷ್ಟೆಲ್ಲ ಕೇಳುವ ಈ ಬುದ್ಧಿವಂತ ಜನ ಒಂದೇ ಒಂದು ಪ್ರಶ್ನೆಯನ್ನು ಕೇಳಲು ಮರೆತಿದ್ದರು: ನಿಮ್ಮ ಮನೆಯಾಕೆ ರೊಟ್ಟಿ ಬಡಿಯುತ್ತಾರಾ? ಆ ಮರೆವಿನ ಫಲವಾಗಿ ಹುಸೇನಪ್ಪನ ಸಂಸಾರ ಪ್ರತಿ ವರ್ಷ ಒಂದು ಹೊಸ ಮನೆಯಲ್ಲಿ ಹಾಲು ಉಕ್ಕಿಸಿತು. ಅವರು ಹೀಗೆ ಉಕ್ಕಿಸಿದ ಹಾಲನ್ನು ಒಂದು ಕಡೆ ಕೂಡಿಟ್ಟಿದ್ದರೆ ಕೆ.ಆರ್. ಪುರಂ ಸಂತೆಯಲ್ಲಿ ಒಂದು ಡೈರಿಯನ್ನೇ ಇಡಬಹುದಿತ್ತು.

ಹುಸೇನಪ್ಪ ಯಾದಗಿರಿ ಕಡೆಯ ಮನುಷ್ಯ. ವಯಸ್ಸು ಐವತ್ತರ ಆಸುಪಾಸು. ಮುಖ ನೋಡಿದರೆ ಅರ್ಧ ಆಯಸ್ಸನ್ನು ಕಗ್ಗದಾಸಪುರದ ರೈಲ್ವೆ ಗೇಟಿನ ಮುಂದೆ ನಿಂತೇ ಕಳೆದವನಂತೆ ಕಾಣುತ್ತಾನೆ. ಅದು ನಿಜವೂ ಹೌದು. ಆ ಗೇಟಿನ ಮಹಿಮೆ ತಿಳಿಯದವರಿಗೆ ಹೇಳುತ್ತೇನೆ: ಮದುವೆಗೆ ಹೊರಟ ದಿಬ್ಬಣವೊಂದು ಅಲ್ಲಿ ಸಿಕ್ಕಿಕೊಂಡಿತು, ಗೇಟು ಏಳುವ ಹೊತ್ತಿಗೆ ಹುಡುಗಿಯ ಕಡೆಯವರು ಬೇರೆ ಗಂಡು ನೋಡಿ, ಮೊಮ್ಮಗನ ನಾಮಕರಣವನ್ನೂ ಮುಗಿಸಿದ್ದರು. ಅಂಥ ಗೇಟಿನಲ್ಲಿ ಹುಸೇನಪ್ಪ ದಿನವೂ ಬೆಳಿಗ್ಗೆ ತನ್ನ ಹಳೆಯ ಮೊಪೆಡ್ಡಿನ ಮೇಲೆ, ಹಿಂದೆ ಬುಟ್ಟಿ ಕಟ್ಟಿಕೊಂಡು ನಿಲ್ಲುತ್ತಿದ್ದ. ಬುಟ್ಟಿಯಲ್ಲಿ ಬಟ್ಟೆ ಸುತ್ತಿದ ಜೋಳದ ರೊಟ್ಟಿ.

ರೊಟ್ಟಿ ಬಡಿಯುವವಳು ಅವನ ಹೆಂಡತಿ ಭೀಮಬಾಯಿ. ಇಬ್ಬರೂ ಈ ಊರಿಗೆ ಬಂದದ್ದು ಕಟ್ಟಡದ ಕೆಲಸಕ್ಕೆ. ಸಿಮೆಂಟು ಭೀಮಬಾಯಿಯ ಅಂಗೈಯ ಚರ್ಮವನ್ನು ತಿಂದಿತು, ಮರಳು ಅವನ ಸೊಂಟವನ್ನು ತಿಂದಿತು. ಉಳಿದದ್ದನ್ನು ಲೆಕ್ಕ ಹಾಕಿದಾಗ ರೊಟ್ಟಿ ಬಡಿಯುವ ಕೈ ಒಂದು ಇನ್ನೂ ಗಟ್ಟಿಯಾಗಿತ್ತು. ಇಂದಿರಾನಗರದಲ್ಲಿ ಶಿವಪುತ್ರ ಎಂಬ ಕಲಬುರಗಿಯವನು ಖಾನಾವಳಿ ನಡೆಸುತ್ತಾನೆ, ಸುತ್ತಲಿನ ಪಿ.ಜಿ.ಗಳಲ್ಲಿ ಅನ್ನ ನೋಡಿ ನೋಡಿ ಬಾಯಿ ಸತ್ತುಹೋದ ಉತ್ತರ ಕರ್ನಾಟಕದ ಹುಡುಗರಿಗೆಲ್ಲ ಅವನೇ ಗತಿ. ಅವನಿಗೆ ದಿನವೂ ಭೀಮಬಾಯಿಯ ರೊಟ್ಟಿ ಹೋಗಬೇಕು, ಬಿಸಿಯಾಗಿ, ಮೆತ್ತಗೆ. ಆದರೆ ಗೇಟಿನಲ್ಲಿ ನಿಂತ ರೊಟ್ಟಿ ಬಿಸಿ ಕಳೆದುಕೊಂಡು, ಮೆತ್ತನೆಯ ಗುಣ ಬಿಟ್ಟು, ಇಂದಿರಾನಗರ ಮುಟ್ಟುವಷ್ಟರಲ್ಲಿ ಹಂಚಿನ ಮನೆಗೆ ಹೊದಿಸಬಹುದಾದ ಸ್ಥಿತಿಗೆ ಬರುತ್ತಿತ್ತು.

"ಹುಸೇನಪ್ಪಣ್ಣ, ಗೇಟಿನ ಈಚಿ ಕಡೆ ಮನಿ ಮಾಡ್ರಿ," ಎಂದು ಶಿವಪುತ್ರ ಕೊನೆಗೊಂದು ದಿನ ಹೇಳಿಬಿಟ್ಟ. "ಇಲ್ಲಾಂದ್ರ ನಾ ಮಷೀನ್ ರೊಟ್ಟಿ ತರಸ್ತೀನಿ. ಬ್ಯಾಸರ ಮಾಡ್ಕೋಬ್ಯಾಡ್ರಿ."

ಬೇಸರಪಡಲು ಹುಸೇನಪ್ಪನಿಗೆ ಪುರುಸೊತ್ತು ಎಲ್ಲಿತ್ತು? ಅದೇ ವಾರ ಕಗ್ಗದಾಸಪುರದ ಮನೆ ಮಾಲೀಕ ಮುನಿಆಂಜನಪ್ಪನೂ ಮಾಳಿಗೆ ಹತ್ತಿ ಬಂದಿದ್ದ. ಈತ ಹಿಂದೆ ಅಲ್ಲಿ ಊರು ಎಂಬುದೊಂದು ಇದ್ದಾಗ ರಾಗಿ ಬೆಳೆಯುತ್ತಿದ್ದವನು. ಈಗ ಅದೇ ತುಂಡು ಜಾಗದಲ್ಲಿ ಮಹಡಿ ಬೆಳೆಯುತ್ತಾನೆ. ಒಂದು ಮಳೆ ಬಿದ್ದರೆ ಸಾಕು, ಮನೆಯ ಮೇಲೆ ಇನ್ನೊಂದು ಮನೆ ಮೊಳೆಯುತ್ತದೆ. ಅವನ ಸಂಸಾರ ಕೆಳಗೆ, ಭೀಮಬಾಯಿಯ ರೊಟ್ಟಿ ಕಲ್ಲು ನೇರ ಅದರ ನೆತ್ತಿಯ ಮೇಲೆ.

ಇಲ್ಲಿ ರೊಟ್ಟಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಚಪಾತಿ ಲಟ್ಟಣಿಗೆಯ ಕೆಳಗೆ ಸದ್ದಿಲ್ಲದೆ ಚಪ್ಪಟೆಯಾಗುವ ಪುಕ್ಕಲು ಜಾತಿ. ಜೋಳದ ರೊಟ್ಟಿ ಹಾಗಲ್ಲ. ಹಿಟ್ಟಿನ ಉಂಡೆಯನ್ನು ಕಲ್ಲಿನ ಮೇಲಿಟ್ಟು, ಅಂಗೈಯಿಂದ ಬಡಿದು ಬಡಿದು, ತಿರುಗಿಸಿ ತಿರುಗಿಸಿ, ಹುಣ್ಣಿಮೆ ಚಂದ್ರನಷ್ಟು ದೊಡ್ಡದು ಮಾಡಬೇಕು. ಪೆಟ್ಟು ಗಟ್ಟಿ ಇದ್ದರೆ ಅಂಚು ತೆಳ್ಳಗಾಗುತ್ತದೆ, ಹಂಚಿನ ಮೇಲೆ ಉಬ್ಬುತ್ತದೆ. ಪೆಟ್ಟು ಸಾಲದಿದ್ದರೆ ಅದು ರೊಟ್ಟಿಯೂ ಅಲ್ಲ, ದೋಸೆಯೂ ಅಲ್ಲ. ಭೀಮಬಾಯಿ ಬಡಿಯಲು ಕುಳಿತರೆ ಕೆಳಗಿನ ಮನೆಯಲ್ಲಿ ಮುನಿಆಂಜನಪ್ಪನ ತಟ್ಟೆಯ ಮುದ್ದೆ ನೆಗೆದು ಪಕ್ಕದವರ ತಟ್ಟೆಗೆ ಬೀಳುತ್ತಿತ್ತು. ಗೋಡೆಯ ಮೇಲಿನ ತಿರುಪತಿ ತಿಮ್ಮಪ್ಪ ಪಟದೊಳಗೇ ಒಂದು ಹೆಜ್ಜೆ ಹಿಂದೆ ಸರಿದು ನಿಂತಿದ್ದ.

"ಅಮ್ಮಾ, ನಂಗೇನೂ ಇಲ್ಲ," ಎಂದ ಮುನಿಆಂಜನಪ್ಪ, ಹೊಸಲಿನ ಹೊರಗೇ ನಿಂತು. "ನಿಮ್ ರೊಟ್ಟಿ ನಾನೂ ತಿಂತೀನಿ, ತಿಂದ ಬಾಯಲ್ಲಿ ಬೈಬಾರ್ದು. ಆದ್ರೆ ನಮ್ಮನೆಯೋಳು ಬೆಳಗಾಗೋಕ್ ಮುಂಚೆ ಎದ್ದು ಕೂತ್ಕೊಂಡು, 'ಯಾರೋ ಬಾಗ್ಲು ಬಡೀತಾವ್ರೆ ನೋಡ್ರೀ' ಅಂತಾಳೆ. ಹೋಗಿ ತೆಗೀತೀನಿ, ಯಾರೂ ಇಲ್ಲ. ಬಂದು ಮಲಗ್ತೀನಿ, ಮತ್ತೆ ಅದೇ ಮಾತು. ತೆಗ್ದು ತೆಗ್ದು ಬಾಗ್ಲು ಸವೆದೋಯ್ತು ಕಣಮ್ಮ."

"ಮೆಲ್ಲಕ ಬಡೀತೀನ್ರಿ ಅಣ್ಣಾರ," ಎಂದಳು ಭೀಮಬಾಯಿ.

"ಹೋದ್ ತಿಂಗ್ಳೂ ಇದೇ ಹೇಳಿದ್ರಿ."

"ನಾ ಹೇಳೀನ್ರಿ. ರೊಟ್ಟಿ ಕೇಳಂಗಿಲ್ಲಲ್ರಿ."

ಮುನಿಆಂಜನಪ್ಪ ನಕ್ಕ, ತಲೆ ಕೆರೆದುಕೊಂಡ, ತಿಂಗಳ ಕೊನೆಗೆ ಮನೆ ಖಾಲಿ ಮಾಡಲು ಹೇಳಿ ಇಳಿದು ಹೋದ. ಹೋಗುವಾಗ ಬಣ್ಣದ ಖರ್ಚು ಮುಂಗಡದಲ್ಲಿ ಹಿಡಿದುಕೊಳ್ಳುವುದಾಗಿ ಜ್ಞಾಪಿಸಲು ಮರೆಯಲಿಲ್ಲ. ಬಾಡಿಗೆದಾರ ಬಿಟ್ಟ ಮನೆಗೆ ಅವನ ದುಡ್ಡಿನಲ್ಲೇ ಬಣ್ಣ ಬಳಿಯುವುದು ಈ ಊರಿನ ಶಾಸ್ತ್ರ. ಹುಸೇನಪ್ಪ ಈವರೆಗೆ ಕೊಟ್ಟ ಬಣ್ಣದ ದುಡ್ಡಿನಲ್ಲಿ ಕಲ್ಲಿನ ವಿಧಾನಸೌಧಕ್ಕೂ ಎರಡು ಕೋಟು ಹೊಡೆಯಬಹುದಿತ್ತು.

ಹೀಗೆ ಹುಸೇನಪ್ಪ ಮತ್ತೆ ಜಿಯಾವುಲ್ಲಾನ ಬಳಿಗೆ ಹೋದ.

ಜಿಯಾವುಲ್ಲಾ ಶಿವಾಜಿನಗರದ ಮನೆ ಬ್ರೋಕರ್. ಅವನ ಆಫೀಸು ಎಂದರೆ ಹಲಸೂರಿನ ಒಂದು ಟೀ ಅಂಗಡಿಯ ಮುಂದೆ ನಿಲ್ಲಿಸಿದ ಸ್ಕೂಟರಿನ ಸೀಟು. ಅರ್ಧ ಇಂದಿರಾನಗರದ ಖಾಲಿ ಮನೆಗಳ ಬೀಗದ ಕೈಗಳು ಅವನ ಪ್ಯಾಂಟಿನ ಜೇಬಿನಲ್ಲಿದ್ದು, ನಡೆದರೆ ಆನೆ ಬಂದಂತೆ ಸದ್ದಾಗುತ್ತಿತ್ತು. ಒಂದು ಕಡೆಗೆ ಭಾರ ಹೆಚ್ಚಾಗಿ ಅವನು ಸದಾ ಎಡಕ್ಕೆ ವಾಲಿ ನಡೆಯುತ್ತಾನೆ. ವಾಲಬಾರದೆಂದು ಬಲಜೇಬಿನಲ್ಲಿ ಎರಡು ಫೋನು ಇಟ್ಟುಕೊಂಡಿದ್ದಾನೆ. ಅವನು ಇರುವುದು ಮಾತ್ರ ಗುಜರಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ. ಅದಕ್ಕೆ ಬೀಗವೇ ಇಲ್ಲ.

"ನೆಲದ ಮ್ಯಾಲಿನ ಮನಿ ಬೇಕ್ರಿ ಸಾಹೇಬ್ರ," ಎಂದ ಹುಸೇನಪ್ಪ. "ಕೆಳಗ ಯಾರೂ ಇರಬಾರ್ದು. ಇಂದಿರಾನಗರದಾಗೇ ಆಗ್ಬೇಕು."

"ಹುಸೇನಪ್ಪ ಭಾಯ್, ಇಂದಿರಾನಗರದಲ್ಲಿ ನೆಲ ಅನ್ನೋದೇ ಇಲ್ಲ," ಎಂದ ಜಿಯಾವುಲ್ಲಾ ಟೀ ಊದುತ್ತ. "ನೆಲದ ಮೇಲೆ ಕಾರು ಮಲಗುತ್ತೆ, ಮನುಷ್ಯ ಮೇಲ್ಗಡೆ ಮಲಗ್ತಾನೆ. ಕಾರಿಗೆ ಒಂಟಿಯಾಗಿ ಹೆದರಿಕೆ ಆಗುತ್ತೆ ಅಂತ ಅದರ ಪಕ್ಕ ಡ್ರೈವರ್ ಮಲಗ್ತಾನೆ. ನಿನ್ನ ಎಲ್ಲಿ ಹಾಕ್ಲಿ?"

ಅವನು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಕಡಿಮೆ. ಇಂದಿರಾನಗರದಲ್ಲಿ ಬಾಡಿಗೆ ಎಷ್ಟೆಂದು ಕೇಳುವ ಮುಂಚೆ ಕುರ್ಚಿಯಲ್ಲಿ ಕುಳಿತು ಅದರ ಕೈ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಯಾರೋ ಒಬ್ಬರು ನಿಂತುಕೊಂಡೇ ಕೇಳಿ ಎಚ್ಚರ ತಪ್ಪಿ ಬಿದ್ದರಂತೆ. ಎಚ್ಚರವಾದಾಗ ಬಿದ್ದಿದ್ದ ಜಾಗಕ್ಕೆ ಬಾಡಿಗೆ ಕೇಳಿದರಂತೆ.

ಆದರೂ ಜಿಯಾವುಲ್ಲಾ ಹುಡುಕಿದ. ಮೊದಲು ಸಿಕ್ಕಿದ್ದು ಜೀವನ್ ಬಿಮಾ ನಗರದಲ್ಲಿ, ಲಕ್ಷ್ಮಿಕಾಂತ ಎಂಬ ನಿವೃತ್ತರ ಮನೆಯ ಹಿಂಭಾಗದ ಕೋಣೆ. ಇಂದಿರಾನಗರವಲ್ಲದಿದ್ದರೂ ಗೇಟಿನ ಈಚೆ, ನೆಲದ ಮೇಲೆ. ಲಕ್ಷ್ಮಿಕಾಂತರು 'ಬಾಡಿಗೆಗೆ ಇದೆ' ಎಂಬ ಬೋರ್ಡನ್ನು ಮನೆಯ ಗೇಟಿಗೆ ತಂತಿಯಲ್ಲಿ ಕಟ್ಟುತ್ತ ನಿಂತಿದ್ದರು.

"ಹೆಸರೇನಪ್ಪ?"

"ಹುಸೇನಪ್ಪ ಅಂತಾರ್ರಿ."

ತಂತಿ ತಿರುವುತ್ತಿದ್ದ ಕೈ ನಿಂತಿತು. "ಅಯ್ಯೋ, ಈಗ ತಾನೆ ಒಬ್ಬರು ಟೋಕನ್ ಅಡ್ವಾನ್ಸ್ ಕೊಟ್ಟು ಹೋದ್ರಲ್ಲ!" ಎಂದರು, ಬೋರ್ಡನ್ನು ಎದೆಗವಚಿಕೊಂಡು.

ಹುಸೇನಪ್ಪನಿಗೆ ಇದು ಹೊಸದಲ್ಲ. ಅವನು ಎಂದಿನಂತೆ ಕಥೆ ಹೇಳಿದ. ಅವನ ತಾಯಿಗೆ ಮಕ್ಕಳು ಉಳಿಯುತ್ತಿರಲಿಲ್ಲ. ಮೊಹರಮ್ಮಿನಲ್ಲಿ ಊರಿಗೆ ಊರೇ ಸೇರಿ ಕೂಡಿಸುವ ಅಲಾಯಿ ದೇವರು ಹುಸೇನನಿಗೆ ಆಕೆ ಹರಕೆ ಹೊತ್ತಳು. ಕೂಸು ಉಳಿದರೆ ನಿನ್ನ ಹೆಸರೇ ಇಡುತ್ತೇನೆ ಎಂದಳು. ಕೂಸು ಉಳಿಯಿತು, ಹೆಸರೂ ಉಳಿಯಿತು. ಮನೆಯಲ್ಲಿ ಇರುವುದು ಎಲ್ಲಮ್ಮನ ಪಟ. "ನಮ್ಮ ಕಡೆ ಮನಿಗೊಬ್ಬ ಹುಸೇನಪ್ಪ, ಫಕೀರಪ್ಪ ಇರ್ತಾನ್ರಿ. ಯಾರೂ ಏನೂ ಕೇಳಂಗಿಲ್ಲ."

ಲಕ್ಷ್ಮಿಕಾಂತರು ಪೂರ್ತಿ ಕೇಳಿದರು. ಕೆಟ್ಟವರಲ್ಲ. "ನಂಗೆ ಅರ್ಥ ಆಯ್ತು ಕಣ್ರೀ," ಎಂದರು. "ಆದ್ರೆ ಬೀದಿಯಲ್ಲಿ ಕೇಳೋ ಒಬ್ಬೊಬ್ಬರಿಗೂ ನಾನು ಇಷ್ಟುದ್ದ ಕಥೆ ಹೇಳ್ತಾ ಕೂರೋಕಾಗುತ್ತಾ?"

ಹೊರಗೆ ಬಂದ ಮೇಲೆ ಜಿಯಾವುಲ್ಲಾ ಸ್ಕೂಟರನ್ನು ಒದೆಯಲಿಲ್ಲ, ಸುಮ್ಮನೆ ಅದರ ಮೇಲೆ ಕುಳಿತ. "ನನ್ನ ಹೆಸರು ಕೇಳಿ ಮನೆ ಇಲ್ಲ ಅನ್ನೋದು ನಂಗೆ ಅಭ್ಯಾಸ. ನನ್ನ ಪಾಲಿನ ಏಟು ನಿಂಗ್ಯಾಕಪ್ಪ ಬೀಳ್ಬೇಕು?"

"ಹಂಚ್ಕೊಂಡ್ರ ಹಗುರ ಆಗ್ತದಂತ್ರಿ," ಎಂದ ಹುಸೇನಪ್ಪ.

"ಆಗಿದೆಯಾ?"

"ಇಲ್ರಿ."

ತಿಂಗಳ ಕೊನೆ ಹತ್ತಿರವಾಯಿತು. ಆಗ ಜಿಯಾವುಲ್ಲಾನಿಗೆ ಚಾಂದ್ ಬೀಯ ನೆನಪಾಯಿತು. ಚಾಂದ್ ಬೀ ಶಿವಾಜಿನಗರದ ಒಬ್ಬ ಚರ್ಮದ ವ್ಯಾಪಾರಿಯ ವಿಧವೆ. ಇಂದಿರಾನಗರದಲ್ಲಿ ನರಿಗಳು ಮಾತ್ರ ವಾಸವಾಗಿದ್ದು, ಅವೂ ಊರು ದೂರವೆಂದು ಗೊಣಗುತ್ತಿದ್ದ ಕಾಲದಲ್ಲಿ ಆಕೆಯ ಗಂಡ ಅಲ್ಲೊಂದು ಸೈಟು ಕೊಂಡು, ಎರಡಂತಸ್ತಿನ ಮನೆ ಕಟ್ಟಿದ್ದ. ಈಗ ಸುತ್ತ ಗಾಜಿನ ಕಟ್ಟಡಗಳು, ಕಾಫಿಗೆ ಒಂದು ದಿನದ ಕೂಲಿ ಕೇಳುವ ಅಂಗಡಿಗಳು. ನಡುವೆ ಈ ಹಳೇ ಮನೆ, ಮದುವೆ ಫೋಟೋದಲ್ಲಿ ಕಣ್ಣು ಮುಚ್ಚಿಕೊಂಡು ಸಿಕ್ಕಿಬಿದ್ದ ನೆಂಟನಂತೆ. ಚಾಂದ್ ಬೀ ಮೇಲೆ ಒಬ್ಬಳೇ. ಮಗ ಮೊಹ್ಸಿನ್ ಫ್ರೇಜರ್ ಟೌನಿನಲ್ಲಿ. ಆಕೆಯ ಮಲಗುವ ಕೋಣೆಯ ಸರಿ ಕೆಳಗೆ, ಹಿತ್ತಿಲ ಕಡೆಗೆ ಬಾಗಿಲಿರುವ ಒಂದು ಕೋಣೆ, ಒಂದು ಅಡುಗೆಮನೆ ಖಾಲಿ ಇತ್ತು.

"ಹುಸೇನಪ್ಪ?" ಎಂದಳು ಚಾಂದ್ ಬೀ ಮುಖ ಅರಳಿಸಿ. "ಮಾಷಾ ಅಲ್ಲಾ, ಒಳ್ಳೆ ಹೆಸರು." ಆಮೇಲೆ ಅವನ ಹಿಂದೆ ನಿಂತಿದ್ದ ಭೀಮಬಾಯಿಯ ಹಣೆಯ ಕುಂಕುಮ ಕಂಡಿತು. ಅದೂ ಸಣ್ಣದಲ್ಲ, ಹಳೇ ಕಾಲದ ಕಾಸಿನಗಲ. "ಏ ಕ್ಯಾ ಜಿಯಾ?"

ಹುಸೇನಪ್ಪ ನಿಟ್ಟುಸಿರು ಬಿಟ್ಟು ತಾಯಿ, ಹರಕೆ, ಅಲಾಯಿ ಎಂದು ಮೊದಲಿನಿಂದ ಶುರು ಮಾಡಿದ.

"ಅಲಾಯಿ? ಬೆಂಕಿ ತುಳಿಯೋದು, ಹುಲಿ ವೇಷ ಹಾಕ್ಕೊಂಡು ಕುಣಿಯೋದು? ತೌಬಾ ತೌಬಾ!" ಎಂದು ಚಾಂದ್ ಬೀ ಕೆನ್ನೆ ಬಡಿದುಕೊಂಡಳು. "ನಮ್ಮನೆಯೋರು ಇದ್ದಿದ್ರೆ ನಿನ್ನ ಇಲ್ಲೇ ಕೂರಿಸಿ ಸಂಜೆ ಮಗ್ರಿಬ್ ನಮಾಜಿನ ತನಕ ಬುದ್ಧಿ ಹೇಳೋರು." ಹುಸೇನಪ್ಪ ಚಪ್ಪಲಿ ಹುಡುಕತೊಡಗಿದ. ಅತ್ತ ಹೋದರೆ ಹೆಸರು ಜಾಸ್ತಿ, ಇತ್ತ ಬಂದರೆ ಕುಂಕುಮ ಜಾಸ್ತಿ. ಆದರೆ ಚಾಂದ್ ಬೀಗೆ ವಯಸ್ಸಾಗಿತ್ತು, ಧರ್ಮದ ವಿಚಾರ ನಿಂತು ಮಾತಾಡಲು ಮಂಡಿ ಬಿಡುತ್ತಿರಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತು, "ಹೋಗ್ಲಿ, ನೀರು ಜಾಸ್ತಿ ಚೆಲ್ತೀರಾ?" ಎಂದಳು.

ಹುಸೇನಪ್ಪ ಅರ್ಧ ಮೆಟ್ಟಿದ್ದ ಚಪ್ಪಲಿ ಕಾಲಿನಿಂದ ಕಳಚಿತು.

ನೀರು, ಜನ, ನೆಂಟರು, ಎಲ್ಲ ಮುಗಿಯಿತು. ಬಾಡಿಗೆಯೂ, ಗೇಟಿನ ಈಚೆ ಬಂದರೆ ಶಿವಪುತ್ರ ಕೊಡುತ್ತೇನೆಂದಿದ್ದ ದಿನಕ್ಕೆರಡು ಬುಟ್ಟಿಯ ಆರ್ಡರಿನಲ್ಲಿ ಹೇಗೋ ತೂಗುವಂತಿತ್ತು. ಆಗ ಜಿಯಾವುಲ್ಲಾ ಒಂದು ಕೆಲಸ ಮಾಡಿದ, ಯಾವ ಬ್ರೋಕರನೂ ಮಾಡದ್ದು. ಈ ದಂಪತಿಯನ್ನು ಹಿಂದೆಯೂ ಅವನು ಮನೆಗಳಿಗೆ ಸೇರಿಸಿ, ಎರಡು ತಿಂಗಳಿಗೆ ಮಾಲೀಕರಿಂದ ಬೈಸಿಕೊಂಡಿದ್ದ. ಅವನಿಗೂ ಸಾಕಾಗಿತ್ತು.

"ಅಮ್ಮಾ, ಅಡ್ವಾನ್ಸ್ ಮಾತಾಡೋ ಮುಂಚೆ ಸದ್ದಿನ ಮಾತಾಡಿಬಿಡೋಣ. ಈಯಮ್ಮ ರೊಟ್ಟಿ ಬಡೀತಾರೆ. ಬೆಳಿಗ್ಗೆ ಬೇಗ. ಸದ್ದು ಬರುತ್ತೆ."

"ಎಷ್ಟು?"

ಬಾಡಿಗೆಯನ್ನು ಸಾವಿರದಲ್ಲಿ ಹೇಳಬಹುದು, ಜಾಗವನ್ನು ಚದರದಲ್ಲಿ ಹೇಳಬಹುದು. ರೊಟ್ಟಿಯ ಸದ್ದನ್ನು ಯಾವುದರಲ್ಲಿ ಅಳೆಯುವುದು?

"ನಂಗೆ ನಿದ್ದೆ ಅನ್ನೋದೇ ಒಂದು ಹಿಡಿ ಇದೆ," ಎಂದಳು ಚಾಂದ್ ಬೀ. "ಅದನ್ನೂ ಬಡಿದು ಹಾಕಿದ್ರೆ ನಾನು ಬದುಕಲ್ಲ. ಬಡಿದು ತೋರ್ಸಿ. ಕೇಳ್ತೀನಿ. ಆಮೇಲೆ ಮಾತು."

ಹೀಗೆ ಬೆಂಗಳೂರಿನ ಚರಿತ್ರೆಯಲ್ಲೇ ಮೊದಲ ಬಾರಿಗೆ ಒಂದು ಬಾಡಿಗೆ ಮನೆಗಾಗಿ ರೊಟ್ಟಿಯ ಪರೀಕ್ಷೆ ನಿಗದಿಯಾಯಿತು. ಭಾನುವಾರ ಆಟೋದಲ್ಲಿ ರೊಟ್ಟಿ ಕಲ್ಲು ಬಂತು, ಹಳೇ ಸೀರೆ ಸುತ್ತಿಕೊಂಡು, ಹಿರಿಯ ಮುತ್ತೈದೆಯಂತೆ. ನಾದಿದ ಹಿಟ್ಟು ಪಾತ್ರೆಯಲ್ಲಿ ಬಂತು. ಕೆಳಗೆ ಖಾಲಿ ಅಡುಗೆಮನೆಯಲ್ಲಿ ಭೀಮಬಾಯಿ ಕಲ್ಲಿನ ಮುಂದೆ ಕುಳಿತಳು. ಹುಸೇನಪ್ಪ ಬಾಗಿಲಲ್ಲಿ ನಿಂತ. ಮೇಲೆ ಚಾಂದ್ ಬೀ ಮಂಚದ ಮೇಲೆ ಮಲಗಿ ಕಣ್ಣು ಮುಚ್ಚಿಕೊಂಡಳು, ನಿದ್ದೆಯ ಸ್ಥಿತಿಯಲ್ಲೇ ಪರೀಕ್ಷೆ ನಡೆಯಬೇಕಲ್ಲ. ಜಿಯಾವುಲ್ಲಾ ಮಧ್ಯದ ಮೆಟ್ಟಿಲ ಮೇಲೆ ನಿಂತು, ಬೀಗದ ಕೈಗಳು ಸದ್ದು ಮಾಡದಂತೆ ಜೇಬನ್ನು ಅದುಮಿ ಹಿಡಿದುಕೊಂಡ.

ಸ್ವಲ್ಪ ಹೊತ್ತಾಯಿತು. ಮೇಲಿನಿಂದ ಚಾಂದ್ ಬೀಯ ದನಿ ಬಂತು: "ಜಿಯಾ, ಶುರು ಮಾಡೋಕೆ ಹೇಳು. ಎಷ್ಟೊತ್ತು ಸುಮ್ನೆ ಮಲಗಿರ್ಲಿ?"

ಜಿಯಾವುಲ್ಲಾ ಕೆಳಗೆ ಬಗ್ಗಿ ನೋಡಿದ. "ಶುರು ಆಗಿ ಎರಡು ರೊಟ್ಟಿ ಆಯ್ತಮ್ಮ!"

"ಸಚ್ಚಿ?"

"ನಿಮ್ಮಾಣೆ!"

ನಿಜವಾಗಿಯೂ ಆಗಿತ್ತು. ಆದರೆ ಬಾಗಿಲಲ್ಲಿ ನಿಂತಿದ್ದ ಹುಸೇನಪ್ಪ ಕಂಡದ್ದು ಬೇರೆ. ತಿಂಗಳ ಕೊನೆ, ಮುನಿಆಂಜನಪ್ಪ, ಮಷೀನ್ ರೊಟ್ಟಿ, ಎಲ್ಲವೂ ಭೀಮಬಾಯಿಯ ಮೊಣಕೈಯಲ್ಲಿ ಕುಳಿತಿದ್ದವು. ಅವಳು ರೊಟ್ಟಿ ಬಡಿಯುತ್ತಿರಲಿಲ್ಲ, ಜ್ವರ ಬಂದ ಕೂಸನ್ನು ತಟ್ಟಿ ಮಲಗಿಸುತ್ತಿದ್ದಳು. ಒಂದು ಇರುವೆ ಕಲ್ಲಿನ ಮೇಲೆ ಹತ್ತಿ ರೊಟ್ಟಿಯ ಅಡಿಯಿಂದ ಹಾದು ಆ ಕಡೆ ಇಳಿದು ಹೋಯಿತು, ಅದರ ಮೀಸೆ ಕೂಡ ಕೊಂಕಲಿಲ್ಲ. ಗಂಡ ಹೆಂಡತಿಯ ಕಣ್ಣು ಕೂಡಿದವು. ಅವಳು ತಲೆ ತಗ್ಗಿಸಿದಳು. ಅವನು ಹಿತ್ತಿಲ ಕಡೆ ಮುಖ ತಿರುಗಿಸಿದ.

"ಇಷ್ಟಕ್ಕೆ ಜನ ಮನೆ ಬಿಡಿಸಿದ್ರಾ?" ಎಂದಳು ಚಾಂದ್ ಬೀ ಇಳಿದು ಬಂದು. "ನಮ್ಮ ಗಡಿಯಾರ ಇದಕ್ಕಿಂತ ಜೋರಾಗಿ ಬಡ್ಕೊಳ್ಳುತ್ತೆ. ಹನ್ನೊಂದು ತಿಂಗಳಿಗೆ ಬರ್ಕೊಡು ಜಿಯಾ."

ಹಾಲು ಉಕ್ಕಿತು. ಪೂರ್ವಕ್ಕೆ ಉಕ್ಕಿತು, ಒಳ್ಳೆಯದೆಂದರು. ಇಂದಿರಾನಗರದಲ್ಲಿ ಹಾಲಿಗೂ ಗೊತ್ತು, ಯಾವ ಕಡೆ ಬೆಲೆ ಹೆಚ್ಚು ಎಂದು.

ಮರುದಿನದಿಂದ ತಾಪತ್ರಯ. ಪರೀಕ್ಷೆಯಲ್ಲಿ ಬಡಿದಂತೆಯೇ ಬಡಿಯಬೇಕು, ಏಕೆಂದರೆ ಮನೆ ಸಿಕ್ಕಿದ್ದು ಆ ಸದ್ದಿಗೆ. ಹಾಗೆ ಬಡಿದ ರೊಟ್ಟಿ ಹಂಚಿನ ಮೇಲೆ ಉಬ್ಬಲಿಲ್ಲ, ಮುನಿಸಿಕೊಂಡು ಮಲಗಿತು. ಭೀಮಬಾಯಿ ಮೊದಲ ರೊಟ್ಟಿಯನ್ನು ಪದ್ಧತಿಯಂತೆ ಮನೆಯೊಡತಿಗೆ ಕಳಿಸಿದಳು. ಉಳಿದದ್ದನ್ನು ಹುಸೇನಪ್ಪ ಶಿವಪುತ್ರನಿಗೆ ಮುಟ್ಟಿಸಿದ. ಗೇಟಿಲ್ಲ, ಐದೇ ನಿಮಿಷದ ದಾರಿ, ರೊಟ್ಟಿ ಇನ್ನೂ ಹೊಗೆಯಾಡುತ್ತಿತ್ತು. ಶಿವಪುತ್ರ ಒಂದನ್ನು ಎತ್ತಿ, ತೂಗಿ, ತಿರುಗಿಸಿ ನೋಡಿದ.

"ಇದೇನ್ ಹುಸೇನಪ್ಪಣ್ಣ, ರೊಟ್ಟಿನೋ ಕಂಬಳಿನೋ? ಭೀಮವ್ವನ ಕೈಗಿ ಏನಾಗ್ಯದ?"

"ಹೊಸ ಮನಿ, ಹೊಂದ್ಕೋಬೇಕಲ್ಲೋ ತಮ್ಮಾ."

"ಹೊಂದ್ಕೋರಿ, ಹೊಂದ್ಕೋರಿ. ಆದ್ರ ಹುಡುಗ್ರು ಹೊಂದ್ಕೊಳ್ಳಂಗಿಲ್ಲ. ಈ ವಾರ ನೋಡ್ತೀನಿ."

ಆ ವಾರ ಗಂಡ ಹೆಂಡತಿ ಮಾಡದ ಉಪಾಯವಿಲ್ಲ. ಕಲ್ಲಿನ ಕೆಳಗೆ ಗೋಣಿ ಚೀಲ ಹಾಸಿದರು. ಸದ್ದು ತಗ್ಗಿತು, ಕಲ್ಲು ಓಲಾಡಿತು. ಗುಜರಿ ಅಂಗಡಿಯಿಂದ ಲಾರಿ ಟಯರು ತಂದು ಅದರ ಮೇಲೆ ಕಲ್ಲಿಟ್ಟರು. ಮೊದಲ ಪೆಟ್ಟಿಗೆ ಹಿಟ್ಟಿನ ಉಂಡೆ ಚಿಮ್ಮಿ ಕಿಟಕಿಯಿಂದ ಹಾರಿತು, ಅದು ಇನ್ನೂ ದೊಮ್ಮಲೂರಿನ ಮೇಲೆ ಹಾರುತ್ತಿದೆ ಎಂದು ಕೇಳಿದ್ದೇನೆ. ಮುಖ್ಯರಸ್ತೆಯಲ್ಲಿ ಮೆಟ್ರೊ ಹೋಗುವ ಸದ್ದು ಸಣ್ಣಗೆ ಕೇಳಿಸುತ್ತದಲ್ಲ, ಅದು ಬಂದಾಗ ಮಾತ್ರ ಗಟ್ಟಿಯಾಗಿ ಬಡಿಯೋಣ ಎಂದ ಹುಸೇನಪ್ಪ. ಅವನು ಹಿತ್ತಿಲಲ್ಲಿ ಕಿವಿಯಿಟ್ಟು ನಿಂತು ಕೈ ಎತ್ತಬೇಕು, ಅವಳು ಬಡಿಯಬೇಕು. ಒಂದು ರೈಲಿಗೆ ಕಾಲು ರೊಟ್ಟಿ. ಹೀಗೆ ಹೋದರೆ ಒಂದು ಬುಟ್ಟಿ ರೊಟ್ಟಿಗೆ ಮೆಟ್ರೊದವರು ಇನ್ನೊಂದು ಹಳಿ ಹಾಕಬೇಕಾಗುತ್ತಿತ್ತು.

"ಸಾಕು," ಎಂದಳು ಭೀಮಬಾಯಿ ಒಂದು ದಿನ. ಕೈ ಒರೆಸಿಕೊಂಡು ಗೋಡೆಗೆ ಒರಗಿ ಕುಳಿತಳು. "ಸಿಮೆಂಟ್ ಹೊತ್ತಾಗ ಇಷ್ಟು ದಣಿವು ಆಗಿದ್ದಿಲ್ಲ ನೋಡು. ಬಡ್ದ್ರ ದಣಿಯಂಗಿಲ್ಲ ನಾ. ತಡಕೊಂಡು ದಣದೀನಿ."

ಮೂಲೆಯಲ್ಲಿ ಇನ್ನೂ ಬಿಚ್ಚದ ಎರಡು ಗಂಟುಗಳಿದ್ದವು. ಹುಸೇನಪ್ಪ ಅವುಗಳ ಕಡೆ ನೋಡಿದ.

ಮರುದಿನ ನಸುಕಿನಲ್ಲಿ ಭೀಮಬಾಯಿ ಟಯರನ್ನು ಹಿತ್ತಿಲಿಗೆ ಉರುಳಿಸಿದಳು, ಗೋಣಿಯನ್ನು ಕಿತ್ತೆಸೆದಳು. ಕಲ್ಲನ್ನು ನೆಲಕ್ಕೆ ಊರಿದಳು. ಹಿಟ್ಟಿನ ಉಂಡೆ ಇಟ್ಟು, ಸೆರಗು ಸಿಕ್ಕಿಸಿ, ಕೈ ಎತ್ತಿದಳು.

ಆ ಪೆಟ್ಟನ್ನು ವರ್ಣಿಸಲು ನನ್ನಿಂದಾಗದು. ಗಾಜಿನ ಕಟ್ಟಡಗಳಲ್ಲಿ ಗಾಜು ಗುನುಗಿತು. ನಾಯಿಗಳನ್ನು ವಾಕಿಂಗಿಗೆ ಕರೆದುಕೊಂಡು ಹೊರಟವರನ್ನು ನಾಯಿಗಳೇ ಮನೆಗೆ ಎಳೆದುಕೊಂಡು ಓಡಿದವು. ಹಲಸೂರು ಕೆರೆಯಲ್ಲಿ ಮೀನೊಂದು ಎದ್ದು ಗಂಟೆ ಎಷ್ಟೆಂದು ಕೇಳಿತು. ರೊಟ್ಟಿ ಮಾತ್ರ ಬಿಳಿಯಾಗಿ, ತೆಳ್ಳಗೆ, ಅಂಚಿನವರೆಗೂ ಒಂದೇ ಸಮ ಹರಡಿ, ಹಂಚಿನ ಮೇಲೆ ಬಿದ್ದದ್ದೇ ಉಬ್ಬಿತು. ಭೀಮಬಾಯಿ ನಿಲ್ಲಿಸಲಿಲ್ಲ. ಬುಟ್ಟಿ ಅರ್ಧ ತುಂಬುವ ಹೊತ್ತಿಗೆ ಮೆಟ್ಟಿಲ ಮೇಲೆ ಕೋಲಿನ ಸದ್ದು ಕೇಳಿಸಿತು.

ಚಾಂದ್ ಬೀ ತಲೆಯ ಮೇಲೆ ದುಪಟ್ಟಾ ಹೊದ್ದು, ಕೈಯಲ್ಲಿ ಜಪಮಣಿ ಹಿಡಿದು ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ಹುಸೇನಪ್ಪ ಗೋಡೆಗೆ ಅಂಟಿಕೊಂಡ.

"ಆ ದಿನ ನಾನು ಕೇಳಿದ್ದು ಇದಾ?" ಎಂದಳು.

"ಅಲ್ರಿ ಅಮ್ಮಾ," ಎಂದಳು ಭೀಮಬಾಯಿ. ಕೈ ಹಿಟ್ಟಿನಲ್ಲೇ ಇತ್ತು. "ಅವತ್ತು ಮನಿ ಸಲುವಾಗಿ ಬಡ್ದಿದ್ದು. ಇದು ಹೊಟ್ಟಿ ಸಲುವಾಗಿ."

ಚಾಂದ್ ಬೀ ಬುಟ್ಟಿಯ ಕಡೆ ಬಗ್ಗಿ, ಮೇಲಿನ ರೊಟ್ಟಿಯ ಅಂಚನ್ನು ಎರಡು ಬೆರಳಲ್ಲಿ ಮುರಿದು ಬಾಯಿಗೆ ಹಾಕಿಕೊಂಡಳು. ಹಲ್ಲಿಲ್ಲದ ಬಾಯಿ, ಆಡಿಸಲು ಹೊತ್ತು ಹಿಡಿಯಿತು.

"ಮೊದಲನೇ ದಿನ ಕಳಿಸಿದ್ಯಲ್ಲ, ಅದು ರೊಟ್ಟಿ ಅಲ್ಲ, ಚಪ್ಪಲಿ ಅಟ್ಟೆ," ಎಂದಳು ಕೊನೆಗೆ. "ನಮ್ಮನೆಯೋರು ಅವರ ಜಿಂದಗಿಯೆಲ್ಲ ಚರ್ಮ ಮಾರಿದ್ರು. ನಂಗೆ ಗೊತ್ತಾಗಲ್ವಾ? ಆವತ್ತೇ ಅಂದ್ಕೊಂಡೆ, ಇವಳು ಎಲ್ಲೋ ಕೈ ಕಟ್ಕೊಂಡಿದ್ದಾಳೆ ಅಂತ."

"ಮನಿ ಖಾಲಿ ಮಾಡ್ಬೇಕೇನ್ರಿ?" ಎಂದ ಹುಸೇನಪ್ಪ. ಅದನ್ನು ಕೇಳಿ ಕೇಳಿ ಅವನ ಬಾಯಲ್ಲಿ ಆ ಮಾತಿಗೆ ಪ್ರಶ್ನೆಯ ರಾಗವೇ ಉಳಿದಿರಲಿಲ್ಲ.

ಚಾಂದ್ ಬೀ ಮೆಟ್ಟಿಲ ಮೇಲೆ ಕುಳಿತಳು. "ನಮಾಜಿಗೆ ಹೆಂಗೂ ಏಳ್ತೀನಿ. ನಮಾಜ್ ಆದ್ಮೇಲೆ ನಿದ್ದೆ ಬರಲ್ಲ, ಕೂತಿರ್ತೀನಿ. ಮಸೀದೀಲಿ ಬಾಂಗ್ ಆಗೋ ತನಕ ಒಂದು ಏಟೂ ಕೇಳಬಾರ್ದು. ಆಮೇಲೆ ಎಷ್ಟು ಬೇಕಾದ್ರೂ ಬಡ್ಕೋ." ಜಪಮಣಿಯನ್ನು ಮಡಿಲಲ್ಲಿ ಹಾಕಿಕೊಂಡಳು. "ನಂದೂ ಒಂದು ಮಾತಿದೆ. ಹನ್ನೊಂದು ತಿಂಗಳು ಅಂದೆ ನೋಡು. ಅದ್ರ ಮೇಲೆ ಒಂದು ದಿನಾನೂ ಇಲ್ಲ. ನನ್ನ ಮಗ ಮೊಹ್ಸಿನ್, ಬಿಲ್ಡರ್ ಹತ್ರ ಸೈನ್ ಮಾಡಿಬಿಟ್ಟಿದ್ದಾನೆ. ಮನೆ ಕೆಡವ್ತಾರೆ. ಆ ಬಡಿತದ ಮುಂದೆ ನಿಂದೇನು?"

ಹುಸೇನಪ್ಪ ಹೆಂಡತಿಯ ಮುಖ ನೋಡಿದ.

"ಜಿಯಾಗೂ ಹೇಳಿರ್ಲಿಲ್ಲ," ಎಂದಳು ಚಾಂದ್ ಬೀ. "ಹೇಳಿದ್ರೆ ಯಾರು ಬರ್ತಿದ್ರು? ಖಾಲಿ ಮನೆ ಮೇಲೆ ಒಬ್ಬಳೇ ಮಲಗೋಕೆ ನಂಗೆ ಹೆದ್ರಿಕೆ. ನೀವು ಸದ್ದು ಮುಚ್ಚಿಟ್ರಿ, ನಾನು ಬಿಲ್ಡರ್‌ನ ಮುಚ್ಚಿಟ್ಟೆ. ಬರಾಬರ್."

"ನೀವು ಎಲ್ಲಿ ಹೋಗ್ತೀರಿ ಅಮ್ಮಾ?" ಎಂದಳು ಭೀಮಬಾಯಿ.

"ಹೊಸ ಬಿಲ್ಡಿಂಗ್ ಏಳೋ ತನಕ ಬಾಡಿಗೆಗೆ." ಆ ಶಬ್ದವನ್ನು ಆಕೆ ಬಾಯಲ್ಲಿ ಕಲ್ಲು ಸಿಕ್ಕಂತೆ ಉಚ್ಚರಿಸಿದಳು. "ಯಾವ್ದೋ ಆರನೇ ಮಹಡಿ ಅಂತಾನೆ ಮಗ. ಲಿಫ್ಟ್ ಕಂಡ್ರೆ ನಂಗೆ ಉಸಿರು ಕಟ್ಟುತ್ತೆ. ಅವ್ರೂ ಕೇಳ್ತಾರಾ, ಏನು ಬೇಯಿಸ್ತೀರಿ, ಯಾರು ಬರ್ತಾರೆ, ಅಂತ?"

"ಕೇಳ್ತಾರ್ರಿ," ಎಂದ ಹುಸೇನಪ್ಪ. ಈ ವಿಷಯದಲ್ಲಿ ಅವನಷ್ಟು ಓದಿಕೊಂಡವರು ಕಡಿಮೆ. "ಮೊದ್ಲ ಹೆಸರ ಕೇಳ್ತಾರ."

ಚಾಂದ್ ಬೀ ತಲೆಯಾಡಿಸಿದಳು. ಹಂಚಿನ ಮೇಲಿನ ರೊಟ್ಟಿ ಹೊತ್ತುವ ವಾಸನೆ ಬಂತು. "ಸಾಕು ಮಾತು. ಬಡಿ, ಬಡಿ," ಎಂದು ಕೋಲೂರಿ ಎದ್ದಳು. ಮೇಲಕ್ಕೆ ಹೋಗಲಿಲ್ಲ. ಒಂದು ಮೆಟ್ಟಿಲು ಮೇಲೆ ಹೋಗಿ ಅಲ್ಲೇ ಕುಳಿತಳು.

ಶಿವಪುತ್ರ ಆ ದಿನ ರೊಟ್ಟಿ ಮುಟ್ಟಿ ನೋಡಿದವನು ಮಾತಾಡದೆ ಬುಟ್ಟಿಯನ್ನು ಒಳಗೆ ತೆಗೆದುಕೊಂಡು ಹೋದ. ಮಷೀನಿನ ಮಾತು ಮತ್ತೆ ಬರಲಿಲ್ಲ.

ಕೆಲವು ದಿನಗಳ ಮೇಲೆ ಹುಸೇನಪ್ಪ ಎರಡನೇ ಬುಟ್ಟಿ ಕಟ್ಟಿಕೊಂಡು ಹಲಸೂರಿನ ಟೀ ಅಂಗಡಿಯ ಮುಂದೆ ಮೊಪೆಡ್ಡು ನಿಲ್ಲಿಸಿದ. ಜಿಯಾವುಲ್ಲಾ ತನ್ನ ಆಫೀಸಿನಲ್ಲಿ, ಅಂದರೆ ಸ್ಕೂಟರಿನ ಮೇಲೆ, ಎಡಕ್ಕೆ ವಾಲಿ ಕುಳಿತಿದ್ದ.

"ಈಗಿಂದ್ಲೇ ನೋಡಿಡ್ರಿ ಸಾಹೇಬ್ರ. ನೆಲದ ಮ್ಯಾಲಿಂದು."

"ಗೊತ್ತು. ಅಮ್ಮ ಫೋನ್ ಮಾಡಿದ್ರು. ಅವ್ರಿಗೂ ನೆಲದ ಮೇಲೇ ಬೇಕಂತೆ. ಮಗನ ಆರನೇ ಮಹಡಿ ಬೇಡ್ವಂತೆ." ಜಿಯಾವುಲ್ಲಾ ಜೇಬಿಗೆ ಕೈ ಹಾಕಿ ಬೀಗದ ಕೈಗಳ ಗೊಂಚಲನ್ನು ಹೊರಗೆಳೆದು, ಒಂದೊಂದಾಗಿ ಸರಿಸತೊಡಗಿದ. "ಇದು ಮೂರನೇ ಮಹಡಿ. ಇದು ನಾಲ್ಕು. ಇದು ಲಿಫ್ಟ್ ಇರೋದು. ಇದು ಮೂರು. ಇದು ಟೆರೇಸ್ ಮೇಲಿನ ಶೀಟಿನ ಕೋಣೆ, ಬೇಸಿಗೆಯಲ್ಲಿ ರೊಟ್ಟಿಗೆ ಹಂಚೇ ಬೇಡ. ಇದು ಐದು..."

ಗೊಂಚಲು ಉದ್ದವಿತ್ತು. ಹುಸೇನಪ್ಪ ಸ್ವಲ್ಪ ಹೊತ್ತು ನಿಂತು ಕೇಳಿದ. ಆಮೇಲೆ ಬುಟ್ಟಿಯ ಬಟ್ಟೆಯ ಮೇಲೆ ಕೈಯಿಟ್ಟು ನೋಡಿದ.

"ನೀವು ನೋಡ್ಕೋತ ಇರ್ರಿ," ಎಂದು ಮೊಪೆಡ್ಡು ತುಳಿದ. "ರೊಟ್ಟಿ ಆರ್ತಾವ."